ಗೋಡೆ ಕಡೆಯ ಪೈಪು

೪ ನವೆಂಬರ್ ೨೦೨೪, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ದಿನಾ ಬರೆಯಿರಿ, ಕೈ ಪಳಗುತ್ತದೆ ಎಂದು ಡಾಕ್ಟರು ಹೇಳಿದರು. ಏನು ಬರೆಯಬೇಕೆಂದು ಹೇಳಲಿಲ್ಲ.

೫ ನವೆಂಬರ್, ಮಂಗಳವಾರ

ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಇವೆ. ನಡುವಿನ ಮೂರು ಇಲ್ಲ. ಆಗಸ್ಟ್ ಇಪ್ಪತ್ತರಂದು ಪೈಪು ಕೊಯ್ಯುವ ಮಿಷಿನ್ನಿಗೆ ಹೋದವು. ಇವತ್ತಿಗೆ ಇಷ್ಟು ಸಾಕು.

೧೧ ನವೆಂಬರ್, ಸೋಮವಾರ

ರಂಗಸ್ವಾಮಣ್ಣ ಮನೆಗೆ ಬಂದಿದ್ದರು. ಪಾಂಡವಪುರದ ಅವರ ವರ್ಕ್‌ಶಾಪಿನಲ್ಲಿ ಇಪ್ಪತ್ತೊಂದು ವರ್ಷ ವೆಲ್ಡಿಂಗ್ ಮಾಡಿದ್ದೇನೆ. ಗೇಟು, ಕಿಟಕಿ, ಮೆಟ್ಟಿಲಿನ ರೇಲಿಂಗು. ಅವರು ನಮ್ಮ ಮನೆಯೊಳಗೆ ಕೂತದ್ದು ಇದೇ ಮೊದಲು. ನನ್ನ ಹೆಂಡತಿ ಲತ ಕಾಫಿ ತಂದಿಟ್ಟಳು, ಮಾತಾಡಿಸಲಿಲ್ಲ. ಮಿಷಿನ್ನಿನ ಬ್ಲೇಡನ್ನು ಮುಚ್ಚುವ ಗಾರ್ಡ್ ಇಲ್ಲದೆ ಕೆಲಸ ಮಾಡಿಸಿದರು ಎಂಬ ಸಿಟ್ಟು ಅವಳದು.

"ಮನೇಲಿ ಕುಂತ್ಕಂಡು ಏನ್ಲಾ ಮಾಡ್ತೀಯ ಚಲುವ? ನಾಳೆಯಿಂದ ಮೇಲ್ಗಡೆ ಆಫೀಸಿಗೆ ಬಾ. ಮೇಘನ ಕಂಪ್ಯೂಟ್ರು ಕಲಿಸ್ತಾಳೆ," ಎಂದರು.

ಮೇಘನ ಅವರ ಮಗಳು. ಸಿವಿಲ್ ಡಿಪ್ಲೊಮಾ ಓದಿದ್ದಾಳೆ. ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ಗಿರಾಕಿಗಳಿಗೆ ತೋರಿಸುತ್ತಾಳೆ.

"ಕೈ ಸರಿ ಹೋಗೋವರ್ಗೂ ಬತ್ತೀನಿ. ಅಷ್ಟೇ," ಎಂದೆ.

"ಅಲ್ಲೀವರ್ಗೇ ಬಾ."

೧೩ ನವೆಂಬರ್, ಬುಧವಾರ

ಆಫೀಸು ವರ್ಕ್‌ಶಾಪಿನ ಮೇಲೆಯೇ ಇದೆ. ಕೆಳಗೆ ನನ್ನ ಜೊತೆಗಾರ ಕರಿಯಯ್ಯ ವೆಲ್ಡ್ ಮಾಡುವ ಸದ್ದು ಕೇಳುತ್ತದೆ. ಸದ್ದಿನಲ್ಲೇ ಗೊತ್ತಾಗುತ್ತದೆ, ಅವನು ಕರೆಂಟು ಜಾಸ್ತಿ ಇಟ್ಟುಕೊಂಡಿದ್ದಾನೆ.

ಮೇಘನ ಮೌಸು ಎಡಗೈಗೆ ಹಾಕಿಕೊಟ್ಟಳು. ಬಾಣ ಎಲ್ಲೆಲ್ಲೋ ಓಡುತ್ತದೆ. ಬಲಗೈ ಜೇಬಿನಲ್ಲಿ ಇಟ್ಟುಕೊಂಡೇ ಕೂರುತ್ತೇನೆ.

ಮೆಟ್ಟಿಲಿನ ಮೇಲೆ ಒತ್ತಿ ರೇಲಿಂಗ್ ಎಂಬ ಗುಂಡಿ ಒತ್ತಿದರೆ ರೇಲಿಂಗು ಬಂದು ನಿಂತುಬಿಡುತ್ತದೆ. ಅಳತೆ ಇಲ್ಲ, ಕೊಯ್ಯುವುದಿಲ್ಲ, ಉಜ್ಜುವುದಿಲ್ಲ. ನಾನು ಎರಡು ದಿನ ಮಾಡುತ್ತಿದ್ದ ಕೆಲಸ.

೨೨ ನವೆಂಬರ್, ಶುಕ್ರವಾರ

ಗುಂಡಿಯ ರೇಲಿಂಗು ನೆಟ್ಟಗಿನ ಮೆಟ್ಟಿಲಿಗೆ ಮಾತ್ರ ಸರಿ. ಮೆಟ್ಟಿಲು ತಿರುಗುವ ಕಡೆ ಕೆಳಗಿನಿಂದ ಬಂದ ಪೈಪು ಒಂದು ಎತ್ತರದಲ್ಲಿ ನಿಲ್ಲುತ್ತದೆ, ಮೇಲಿನದು ಇನ್ನೊಂದು ಎತ್ತರದಲ್ಲಿ ಶುರುವಾಗುತ್ತದೆ. ನಡುವೆ ಗಾಳಿ. ಮೇಘನ ಇಷ್ಟು ದಿನ ಆ ಜಾಗ ಕಾಣದ ಹಾಗೆ ಚಿತ್ರ ತಿರುಗಿಸಿ ತೋರಿಸುತ್ತಿದ್ದಳಂತೆ.

"ಮೇಲಿನ ಸಾಲನ್ನ ಒಂದೇ ಒಂದು ಮೆಟ್ಟಿಲು ಹಿಂದಕ್ಕೆ ಸರಿಸವ್ವ," ಎಂದೆ. ಸರಿಸಿದಳು. ಎರಡು ಪೈಪೂ ಒಂದೇ ಎತ್ತರಕ್ಕೆ ಬಂದು ಸೇರಿದವು.

"ಅಣ್ಣ, ಇದನ್ನ ನಮಗೆ ಕಾಲೇಜಲ್ಲಿ ಯಾರೂ ಹೇಳ್ಕೊಡಲಿಲ್ಲ!"

ಕಬ್ಬಿಣದಲ್ಲಾದರೆ ಹಾಗೆ ಸರಿಸಲು ಬರುವುದಿಲ್ಲ. ಮೇಸ್ತ್ರಿ ಕಾಂಕ್ರೀಟು ಹಾಕಿ ಹೋಗಿರುತ್ತಾನೆ. ಎಷ್ಟು ಮನೆಗಳಲ್ಲಿ ಆ ತಿರುವಿನಲ್ಲಿ ತುಂಡು ಪೈಪು ಕೂಡಿಸಿ ಬಂದಿದ್ದೇನೆ.

೩ ಡಿಸೆಂಬರ್, ಮಂಗಳವಾರ

ಮೂರು ದಿನದಿಂದ ಮಳೆ. ಆಫೀಸಿನ ಹೊರಗಿನ ಕಬ್ಬಿಣದ ಮೆಟ್ಟಿಲು ಒದ್ದೆಯಾಗಿ ಸಂಜೆ ಇಳಿಯುವಾಗ ಜಾರಿ ಮೂರು ಮೆಟ್ಟಿಲು ಕೆಳಗೆ ಕೂತೆ. ಪೆಟ್ಟೇನೂ ಆಗಲಿಲ್ಲ.

ಹತ್ತುವಾಗ ರೇಲಿಂಗು ಎಡಗಡೆ ಇರುತ್ತದೆ, ಎಡಗೈಗೆ ಸಿಗುತ್ತದೆ. ಇಳಿಯುವಾಗ ಅದೇ ರೇಲಿಂಗು ಬಲಗಡೆಗೆ ಬರುತ್ತದೆ. ಹಿಡಿಯಲು ಅಲ್ಲಿ ಕೈ ಇಲ್ಲ. ಎಡಗಡೆ ಗೋಡೆ. ಗೋಡೆಯನ್ನು ಹಿಡಿಯಲಾಗುವುದಿಲ್ಲ.

ಆ ಮೆಟ್ಟಿಲು ನಾನೇ ಮಾಡಿದ್ದು, ಹನ್ನೆರಡು ವರ್ಷದ ಹಿಂದೆ. ಒಂದು ಕಡೆ ಗೋಡೆ ಇದೆಯಲ್ಲ, ಒಂದೇ ಕಡೆ ರೇಲಿಂಗು ಸಾಕು ಎಂದು ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಕಂಪ್ಯೂಟರೂ ತೆರೆದ ಕಡೆಗೆ ಮಾತ್ರ ಹಾಕುತ್ತದೆ.

೧೨ ಡಿಸೆಂಬರ್, ಗುರುವಾರ

ಚಿನಕುರಳಿಗೆ ಹೋಗಿದ್ದೆ. ಅಲ್ಲಿ ರಘುನಂದನ್ ಎಂಬ ಗೊಬ್ಬರದ ಅಂಗಡಿಯವರು ಹೊಸ ಮನೆ ಕಟ್ಟಿಸುತ್ತಿದ್ದಾರೆ. ಕೆಳಗೆ ಅಂಗಡಿ ಮತ್ತು ಗೋಡೌನು, ಮೇಲೆ ಮನೆ. ಮೆಟ್ಟಿಲಿಗೆ ಗಾಜಿನ ರೇಲಿಂಗು ಬೇಕಂತೆ. ಮೇಸ್ತ್ರಿ ಕಟ್ಟಿದ ಅಳತೆಗೂ ಪ್ಲಾನಿನ ಅಳತೆಗೂ ತಾಳೆಯಾಗುತ್ತಿಲ್ಲ, ಒಂದೊಂದೇ ಮೆಟ್ಟಿಲು ಅಳೆದುಕೊಂಡು ಬಾ ಎಂದು ಮೇಘನ ಕಳಿಸಿದಳು. ಹದಿನೆಂಟು ಮೆಟ್ಟಿಲು. ಒಂಬತ್ತು ಹತ್ತಿದ ಮೇಲೆ ತಿರುವು.

ಪಕ್ಕದ ಹಳೆ ಮನೆಯ ಜಗಲಿಯಲ್ಲಿ ರಘುನಂದನ್ ಅವರ ತಾಯಿ ದೊಡ್ಡತಾಯಮ್ಮ ಕೂತಿದ್ದರು. ಹೋದ ವರ್ಷ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಊರುಗೋಲು ಬಲಗೈಯಲ್ಲಿ. ಮಾತಿಗೆ ಮಾತ್ರ ಏನೂ ಆಗಿಲ್ಲ.

"ಜೇಬಲ್ಲಿ ಏನ್ಲಾ ಮಡಗಿದ್ದೀಯ? ಆಗ್ಲಿಂದ ನೋಡ್ತಾವ್ನಿ, ಒಂದೇ ಕೈಲಿ ಟೇಪು ಹಿಡೀತೀಯ."

ತೆಗೆದು ತೋರಿಸಿದೆ. ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ತಿರುಗಿಸಿ ನೋಡಿದರು.

"ನಿಂದು ಎರಡಾರೂ ಮಾತು ಕೇಳ್ತವೆ. ನಂದು ಐದೂ ಅವೆ, ಒಂದೂ ಕೇಳಾಕಿಲ್ಲ," ಎಂದರು.

ಆಮೇಲೆ ಹೊಸ ಮನೆ ಕಡೆ ಗಲ್ಲ ತಿರುಗಿಸಿ ಕೇಳಿದರು: "ಅಲ್ಲಿಗೆ ನನ್ನ ಕರ್ಕೊಂಡೋದ್ರೆ, ನಾನು ಕೆಳಕ್ಕೆ ಬರೋದುಂಟಾ?"

ಇಳಿಯುವಾಗ ರೇಲಿಂಗು ನಿಮ್ಮ ಬಲಗೈಗೇ ಬರುತ್ತದೆ, ಇಳಿಯಬಹುದು ಎಂದೆ.

"ಹತ್ತಾಕೆ?"

ಹತ್ತುವಾಗ ಎಡಗಡೆಗೆ ಬರುತ್ತದೆ. ಅವರ ಎಡಗೈ ನೋಡಿದೆ. ಅವರಿಗೆ ಅರ್ಥವಾಯಿತು.

"ಮಗ ಎತ್ಕೊಂಡೋಗ್ತೀನಿ ಅಂತಾನೆ. ನಾನೇನು ಯೂರಿಯಾ ಮೂಟೆಯಾ?"

೧೪ ಡಿಸೆಂಬರ್, ಶನಿವಾರ

ಚಿನಕುರಳಿ ಮನೆಯ ಮೆಟ್ಟಿಲು ಕಂಪ್ಯೂಟರಿನಲ್ಲಿ ಕೂರಿಸಿದೆ. ಆಮೇಲೆ ಗೋಡೆ ಕಡೆಗೂ ಒಂದು ಪೈಪು ಹಾಕಲು ನೋಡಿದೆ. ಅದಕ್ಕೆ ಗುಂಡಿಯೇ ಇಲ್ಲ. ರೇಲಿಂಗನ್ನು ಆ ಕಡೆ ಎಳೆದರೆ ಕಂಬಗಳು ಗೋಡೆಯೊಳಗೆ ನುಗ್ಗಿ ನಿಲ್ಲುತ್ತವೆ. ಕೊನೆಗೆ ಬರೀ ಪೈಪನ್ನೇ ಗೆರೆ ಎಳೆದ ಹಾಗೆ ಎಳೆದು, ಅದನ್ನು ಹೊರುವ ಕೊಕ್ಕೆಗಳನ್ನು ಒಂದೊಂದಾಗಿ ಕೂರಿಸಿದೆ. ಒಂದೂವರೆ ಇಂಚಿನ ದುಂಡು ಪೈಪು. ಗೋಡೆಗೂ ಪೈಪಿಗೂ ಎರಡು ಇಂಚು ಜಾಗ ಬಿಟ್ಟೆ, ಬೆರಳ ಗೆಣ್ಣು ಉಜ್ಜಬಾರದು. ತಿರುವಿನಲ್ಲಿ ಪೈಪನ್ನು ಕಡಿಯಲಿಲ್ಲ, ಗೋಡೆಯ ಮೂಲೆಯನ್ನು ಬಳಸಿಕೊಂಡು ಹಾಗೇ ಮುಂದಕ್ಕೆ ಒಯ್ದೆ. ಕೊನೆಯ ಮೆಟ್ಟಿಲು ಮುಗಿದ ಮೇಲೂ ಒಂದಡಿ ಮುಂದುವರಿಸಿದೆ, ಮೇಲೆ ಹೋಗಿ ನಿಂತು ಉಸಿರು ಬಿಡುವಾಗ ಕೈಯಲ್ಲಿ ಏನಾದರೂ ಇರಲಿ ಎಂದು.

ನಾನು ಮಧ್ಯಾಹ್ನ ಊಟಕ್ಕೆ ಏಳಲಿಲ್ಲವಂತೆ. ಮೇಘನ ಹೇಳಿದಳು.

೧೮ ಡಿಸೆಂಬರ್, ಬುಧವಾರ

ರಘುನಂದನ್ ಆಫೀಸಿಗೆ ಬಂದರು. ಮೇಘನ ಸ್ಕ್ರೀನಿನಲ್ಲಿ ಮನೆಯೊಳಗೆಲ್ಲಾ ಸುತ್ತಿಸಿದಳು. ಗಾಜು ನೋಡಿ ಖುಷಿಪಟ್ಟರು. ಮೆಟ್ಟಿಲು ಹತ್ತುವಾಗ ಮುಖ ಗಂಟಿಕ್ಕಿತು.

"ಈ ಗೋಡೆಗೆ ಏನಿದು?"

"ನಿಮ್ಮ ತಾಯಿಯವರಿಗೆ," ಎಂದೆ.

"ಯಾರು ಹೇಳಿದ್ರು ಹಾಕಿ ಅಂತ? ಆ ಗೋಡೆಗೆ ಕಲ್ಲಿನ ಟೈಲ್ಸು ತಂದಿಟ್ಟಿದ್ದೀನಿ. ಇದು ಆಸ್ಪತ್ರೆ ಇದ್ದಂಗೈತೆ. ಬಂದೋರೆಲ್ಲಾ ಮೊದಲು ಇದನ್ನೇ ನೋಡ್ತಾರೆ, ಆಮೇಲೆ ನಮ್ಮವ್ವನ್ನ ನೋಡ್ತಾರೆ."

"ಅವರು ಹತ್ತಬೇಕಲ್ಲ."

"ನಮ್ಮವ್ವನ್ನ ಎತ್ಕೊಳಾಕೆ ನಂಗೆ ಶಕ್ತಿ ಇಲ್ವಾ ಚಲುವಣ್ಣ?"

ಅವರ ಕಣ್ಣು ತೇವವಾಗಿತ್ತು. ಬೇರೆ ಕಡೆ ಕೇಳ್ತೀನಿ ಎಂದು ಎದ್ದವರನ್ನು ರಂಗಸ್ವಾಮಣ್ಣ ಸಮಾಧಾನ ಮಾಡಿ ಕೂರಿಸಿದರು. ರಘುನಂದನ್ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಲೋ ಚಲುವ, ಹೇಳಿದ್ದಷ್ಟು ಮಾಡ್ಲಾ. ಗಿರಾಕಿ ಮನೆ ವಿಚಾರ ನಿಂಗ್ಯಾಕೆ? ಇಂಗೇ ಆದ್ರೆ ಮೇಲ್ಗಡೆನೂ ಇಟ್ಕೊಳಾಕಾಗಕಿಲ್ಲ ನಾನು."

"ಅಣ್ಣ, ಮಿಷಿನ್ ಗಾರ್ಡು ಬಿಚ್ಚಿದ್ದು ನಾನೇ," ಎಂದೆ. ಯಾಕೆ ಆಗಲೇ ಬಾಯಿಗೆ ಬಂತೋ ಗೊತ್ತಿಲ್ಲ. ದಪ್ಪ ಪೈಪು ಕೊಯ್ಯಲು ಅಡ್ಡ ಬರುತ್ತದೆಂದು ಜೂನ್‌ನಲ್ಲಿ ಬಿಚ್ಚಿ ಮೂಲೆಗಿಟ್ಟಿದ್ದೆ. ನಾಲ್ಕು ತಿಂಗಳು ಲತ ಅವರನ್ನು ಬೈಯುತ್ತಿದ್ದರೂ ಸುಮ್ಮನಿದ್ದೆ.

ರಂಗಸ್ವಾಮಣ್ಣ ಕುರ್ಚಿ ಎಳೆದುಕೊಂಡು ಕೂತರು.

"ಗೊತ್ತು ಕಣ್ಲಾ. ಬಿಚ್ಚಿದ್ದನ್ನ ನೋಡಿದ್ದೆ. ನೋಡೀ ಸುಮ್ಕಿದ್ದೆ."

ಗೋಡೆ ಪೈಪನ್ನು ಅಳಿಸಿದೆ. ಒಂದೇ ಸಲ ಒತ್ತಿದರೆ ಪೈಪು ಹೋಗುತ್ತದೆ. ಕೊಕ್ಕೆಗಳನ್ನು ಮಾತ್ರ ಒಂದೊಂದಾಗಿ ಅಳಿಸಬೇಕಾಯಿತು.

೧೯ ಡಿಸೆಂಬರ್, ಗುರುವಾರ

ಲತನಿಗೆ ಗಾರ್ಡಿನ ವಿಷಯ ಹೇಳಿದೆ. ಅಷ್ಟರಲ್ಲಿ ಅವಳು ಕೆಲಸ ಮಾಡುವ ಶ್ರೀರಂಗಪಟ್ಟಣದ ಗಾರ್ಮೆಂಟ್ಸಿನ ಗಾಡಿ ಬಂತು. ಗಾಡಿ ಹತ್ತುವಾಗ, "ಸಾಯಂಕಾಲ ರಂಗಸ್ವಾಮಣ್ಣನ ಮನೆಗೆ ಹೋಗ್ಬರನ," ಎಂದಳು. ಹೋಗಿ ಬಂದೆವು.

೨ ಜನವರಿ ೨೦೨೫, ಗುರುವಾರ

ಮಧ್ಯಾಹ್ನ ಕೆಳಗೆ ಕರಿಯಯ್ಯನನ್ನು ಬಿಟ್ಟು ಯಾರೂ ಇರಲಿಲ್ಲ. ಕರಿಯಯ್ಯ ತನ್ನ ವೆಲ್ಡಿಂಗ್ ಹೋಲ್ಡರು ಕೊಟ್ಟು, "ನೋಡ್ಲಾ ಒಂದು ಕಿತ," ಎಂದ. ಎಡಗೈಯಲ್ಲಿ ಎರಡು ಪಟ್ಟಿ ಸೇರಿಸಿದೆ. ಬೆಸುಗೆ ಆಡಿನ ಹಿಕ್ಕೆಯಂತೆ ಉಂಡೆ ಉಂಡೆ ಬಂತು. ಸುತ್ತಿಗೆಯಲ್ಲಿ ತಟ್ಟಿದರೂ ಬಿಡಲಿಲ್ಲ, ಹಿಡಿದುಕೊಂಡಿತು. ಪಳಗಿದರೆ ಬರುತ್ತದೆ ಎಂದ ಕರಿಯಯ್ಯ.

ಅಷ್ಟರಲ್ಲಿ ಮೇಘನ ಮೇಲಿನಿಂದ ಕೂಗಿದಳು. ಸಂತೆಬಾಚಹಳ್ಳಿ ಮನೆಯ ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ ಬರುತ್ತಿದೆಯಂತೆ. ಹೋಲ್ಡರು ಅಲ್ಲೇ ಇಟ್ಟು ಹೋದೆ. ಮೇಸ್ತ್ರಿ ಹೇಳಿದ ನೆಲದ ಮಟ್ಟವೇ ತಪ್ಪು. ಸರಿ ಮಾಡುವ ಹೊತ್ತಿಗೆ ಐದೂವರೆ ಆಗಿತ್ತು.

೮ ಜನವರಿ, ಬುಧವಾರ

ಗಾಜು ನಿಲ್ಲಿಸುವ ಕಂಬಗಳ ಗುರುತು ಹಾಕಲು ಕರಿಯಯ್ಯ ಮತ್ತು ನಾನು ಚಿನಕುರಳಿಗೆ ಹೋದೆವು. ರಘುನಂದನ್ ಗೊಬ್ಬರದ ಲಾರಿ ಬಂದಿದೆಯೆಂದು ಆಚೆ ಹೋಗಿದ್ದರು. ದೊಡ್ಡತಾಯಮ್ಮ ಊರುಗೋಲು ಊರಿಕೊಂಡು ಹೊಸ ಮನೆಯ ಮೆಟ್ಟಿಲಿನ ಬುಡಕ್ಕೇ ಬಂದು ನಿಂತರು.

"ಏನೋ ಬರೆದಿದ್ದಂತಲ್ಲ ನನಗೆ, ಅಳಿಸ್ಬುಟ್ರಂತಲ್ಲ. ಏನದು?"

ಹೇಳಿದೆ.

"ಬಾಯಲ್ಲಿ ಹೇಳಿದ್ರೆ ನಂಗೊತ್ತಾಗಕಿಲ್ಲ. ತೋರ್ಸು."

ನೀರಿನ ಕೆಲಸದವರು ಬಿಟ್ಟುಹೋದ ಹತ್ತಡಿ ಪೈಪು ಬಿದ್ದಿತ್ತು. ಕರಿಯಯ್ಯ ತಿರುವಿನಲ್ಲಿ ನಿಂತು ಮೇಲಿನ ತುದಿ ಹಿಡಿದ. ನಾನು ಕೆಳಗೆ ಕೂತು ಈ ತುದಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಮಣಿಕಟ್ಟಿನಿಂದ ಗೋಡೆಗೆ ಒತ್ತಿದೆ. ಗೋಡೆಯಿಂದ ಎರಡು ಇಂಚು ಈಚೆಗೆ ಇರಲೆಂದು ನಡುವೆ ನನ್ನ ಟೇಪು ಸಿಕ್ಕಿಸಿಕೊಂಡಿದ್ದೆ.

ದೊಡ್ಡತಾಯಮ್ಮ ಊರುಗೋಲಿನ ಕೊಕ್ಕೆಯನ್ನು ಭುಜಕ್ಕೆ ತಗುಲಿಸಿಕೊಂಡು ಪೈಪು ಹಿಡಿದರು. ಬಲಗಾಲು ಮೇಲಿಟ್ಟು, ಪೈಪು ಜಗ್ಗಿ, ಎಡಗಾಲನ್ನು ಎಳೆದುಕೊಂಡರು. ಅವರ ಭಾರ ನನ್ನ ಮಣಿಕಟ್ಟಿಗೆ ಬಂತು. ನೋವಾಯಿತು, ಬಿಡಲಿಲ್ಲ. ಒಂದು, ಎರಡು, ಮೂರು. ನಾಲ್ಕಕ್ಕೆ ನಿಂತರು. ಐದಕ್ಕೆ ಯಾರನ್ನೋ ಬೈದರು. ಒಂಬತ್ತು ಮುಗಿಸಿ ತಿರುವಿನಲ್ಲಿ ಕರಿಯಯ್ಯನ ಪಕ್ಕ ಕೂತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ರಘುನಂದನ್ ಬಂದರು. ತಾಯಿಯನ್ನು ಅಲ್ಲಿ ನೋಡಿ ಮೆಟ್ಟಿಲಿನ ಬುಡಕ್ಕೆ ಓಡಿದರು. ಅಲ್ಲಿಂದಲೇ ಕೂಗಿದರು: "ಅವ್ವಾ! ಯಾರು ಹತ್ಸಿದ್ದು ನಿನ್ನ?"

"ಯಾರೂ ಹತ್ಸಿಲ್ಲ ಕಣ್ಲಾ. ನಾನೇ ಹತ್ತಿದ್ದು."

"ಇಳಿಯೋದು ಹೆಂಗೆ ಈಗ?"

ತೆರೆದ ಕಡೆಯ ಗಾಜಿನ ರೇಲಿಂಗು ಇನ್ನೂ ಕೂತಿರಲಿಲ್ಲ. ಅದನ್ನು ನಾವು ಮೂವರೂ ಯೋಚಿಸಿರಲಿಲ್ಲ. ದೊಡ್ಡತಾಯಮ್ಮ ಕೆಳಗೆ ನೋಡಿದರು.

"ಇವತ್ತೊಂದಿನ ಎತ್ಕೋ. ಇನ್ನೊಂದು ಕಿತ ಎತ್ಕೋತೀನಿ ಅನ್ಬ್ಯಾಡ."

ರಘುನಂದನ್ ಎತ್ತಿಕೊಂಡು ಇಳಿದರು. ಜಗಲಿಯಲ್ಲಿ ಕೂರಿಸಿ ಬಂದು ಮೆಟ್ಟಿಲಿನ ಮೇಲೆ ಕೂತರು. ನಾವು ಗುರುತು ಹಾಕುತ್ತಿದ್ದೆವು.

"ಚಲುವಣ್ಣ, ಅಳಿಸಿದ್ದನ್ನ ಮತ್ತೆ ಬರೆಯೋಕಾಯ್ತದಾ?" ಎಂದರು.

"ಆಯ್ತದೆ."

"ಟೈಲ್ಸಿನ ಬಣ್ಣಕ್ಕೆ ಹೊಂದಂಗೆ ಮಾಡಿ."

೯ ಜನವರಿ, ಗುರುವಾರ

ಮತ್ತೆ ಬರೆದೆ. ಈ ಸಲ ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ನಿನ್ನೆ ಅವರು ಪೈಪನ್ನು ತಳ್ಳಲಿಲ್ಲ, ಜಗ್ಗುತ್ತಿದ್ದರು. ಆದ್ದರಿಂದ ಕೊಕ್ಕೆಗಳನ್ನು ಇನ್ನೂ ಹತ್ತಿರ ಹತ್ತಿರ ಮಾಡಿದೆ. ರಂಗಸ್ವಾಮಣ್ಣ ಹಿಂದೆ ನಿಂತು ನೋಡಿ, ನಮ್ಮ ಹೊರಗಿನ ಮೆಟ್ಟಿಲಿಗೂ ಒಂದು ಹಾಕಿಸುತ್ತೇನೆ ಎಂದರು.

೨೭ ಜನವರಿ, ಸೋಮವಾರ

ಚಿನಕುರಳಿಯಲ್ಲಿ ಎರಡೂ ಕಡೆ ಕೂರಿಸಿ ಮುಗಿಯಿತು. ಬೆಸುಗೆಯೆಲ್ಲಾ ಕರಿಯಯ್ಯನದು. ಒಂದು ಕಡೆ ಉಜ್ಜಿದ್ದು ಸಾಲದೆಂದು ಮತ್ತೆ ಉಜ್ಜಿಸಿದೆ. "ಮೇಲ್ಗಡೆ ಕುಂತೋರೆಲ್ಲಾ ಇಂಗೇ," ಎಂದ.

೧೪ ಫೆಬ್ರವರಿ, ಶುಕ್ರವಾರ

ರಘುನಂದನ್ ಅವರ ಗೃಹಪ್ರವೇಶ. ಲತನೂ ಬಂದಿದ್ದಳು. ದೊಡ್ಡತಾಯಮ್ಮ ಮೇಲೆಯೇ ಕುರ್ಚಿಯಲ್ಲಿ ಕೂತಿದ್ದರು, ಜನ ಬಹಳ. ಗಾಜನ್ನು ಎಲ್ಲರೂ ಮುಟ್ಟಿ ನೋಡುತ್ತಿದ್ದರು. ಗೋಡೆ ಕಡೆಯ ಪೈಪಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ವಯಸ್ಸಾದವರೆಲ್ಲಾ ಅದನ್ನೇ ಹಿಡಿದು ಹತ್ತಿದರು.

೫ ಮಾರ್ಚ್, ಬುಧವಾರ

ಬೆಳಿಗ್ಗೆ ಹತ್ತೂವರೆಗೆ ರಘುನಂದನ್ ಫೋನು ಮಾಡಿದರು. ತಾಯಿ ಕಾಣುತ್ತಿಲ್ಲ. ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಾಗ ಒಬ್ಬರೇ ಇಳಿದು ಹೋಗಿದ್ದಾರೆ. ಒಂದೂವರೆ ಗಂಟೆಯಾಯಿತು.

"ನೀವು ಹಾಕಿದ ಕಂಬಿ ಚಲುವಣ್ಣ," ಎಂದರು. ಅಷ್ಟೇ ಹೇಳಿ ಇಟ್ಟರು.

ಇಳಿದದ್ದು ಗಾಜಿನ ಕಡೆ ಹಿಡಿದು, ಅದನ್ನು ರಘುನಂದನ್ ಅವರೇ ಕೇಳಿ ಹಾಕಿಸಿದ್ದು. ಆದರೆ ಮತ್ತೆ ಹತ್ತಬಹುದು ಎಂಬ ಧೈರ್ಯ ಇಲ್ಲದಿದ್ದರೆ ಆಯಮ್ಮ ಇಳಿಯುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಮೇಘನ ತನ್ನ ಸ್ಕೂಟಿಯಲ್ಲಿ ಕರೆದುಕೊಂಡು ಹೋದಳು.

ಕೊಟ್ಟಿಗೆ ನೋಡಿದ್ದಾಯಿತು, ಹಳೆ ಮನೆ ನೋಡಿದ್ದಾಯಿತು, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾಯಿತು. ಕೆಲವರು ಗದ್ದೆ ಕಡೆ ಹೋಗಿದ್ದರು. ನಾನು ನಾಲೆ ಏರಿಯ ಮೇಲೆ ಹೋದೆ. ನೀರು ಬಿಟ್ಟಿದ್ದರು, ತುಂಬಿ ಹರಿಯುತ್ತಿತ್ತು. ನೀರಿಗಿಳಿಯುವ ಸೋಪಾನದ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಕೇಳಿದೆ, ಯಾರೂ ನೋಡಿರಲಿಲ್ಲ. ಏರಿಯ ಮೇಲೆ ಎರಡು ಸಲ ಆ ತುದಿಯಿಂದ ಈ ತುದಿಗೆ ನಡೆದೆ. ಏನು ಯೋಚಿಸಿದೆ ಎಂದು ಬರೆಯುವುದಿಲ್ಲ.

ಮೇಘನ ಫೋನು ಮಾಡಿದಳು. ಸಿಕ್ಕಿದ್ದಾರೆ.

ಊರಿನ ಆ ಕೊನೆಯಲ್ಲಿ ಮುತ್ತಮ್ಮ ಎಂಬುವರ ಮನೆ. ದೊಡ್ಡತಾಯಮ್ಮನ ಜೊತೆ ಮೂವತ್ತು ವರ್ಷ ನಾಟಿ ಹಾಕಿದವರಂತೆ. ಪಡಸಾಲೆಯಲ್ಲಿ ಅವರು ಹುಣಸೆಹಣ್ಣು ಬಡಿಯುತ್ತಿದ್ದರು, ದೊಡ್ಡತಾಯಮ್ಮ ಒಂದೇ ಕೈಯಲ್ಲಿ ಬೀಜ ಆರಿಸುತ್ತಿದ್ದರು. ರಘುನಂದನ್ ಬಾಗಿಲಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು.

"ಹೇಳಿ ಬರಬಾರ್ದಾ ಅವ್ವ?"

"ಹೇಳಿದ್ರೆ ಬುಡ್ತಿದ್ದಾ? ಇವಳ ಮುಖ ನೋಡಿ ಹದಿನಾಕು ತಿಂಗಳಾಯ್ತು. ಇವಳಿಗೆ ಮೊಣಕಾಲು, ಬರಾಕಾಗಕಿಲ್ಲ. ಅದ್ಕೆ ನಾನೇ ಬಂದೆ." ಆಮೇಲೆ ನನ್ನನ್ನು ನೋಡಿ, "ನಿನ್ನೂ ಕರೆಸಿದ್ರಾ? ಕಾಫಿ ಕುಡ್ಕಂಡು ಹೋಗು," ಎಂದರು.

ಹುಣಸೆಹಣ್ಣು ಮುಗಿಯುವವರೆಗೂ ಅವರು ಏಳಲಿಲ್ಲ. ಕಾಫಿ ಕುಡಿದೆವು. ಆಮೇಲೆ ಆಟೋದಲ್ಲಿ ಕರೆತಂದೆವು.

ಮೆಟ್ಟಿಲಿನ ಬುಡದಲ್ಲಿ ರಘುನಂದನ್ ಬಗ್ಗಿ ಕೈ ಚಾಚಿದರು. ಅವರ ತಾಯಿ ಆ ಕೈಯನ್ನು ತಳ್ಳಿ, ಊರುಗೋಲನ್ನು ಭುಜಕ್ಕೆ ತಗುಲಿಸಿ, ಗೋಡೆ ಕಡೆ ಪೈಪು ಹಿಡಿದರು. ಒಂಬತ್ತು ಹತ್ತಿ ತಿರುವಿನಲ್ಲಿ ನಿಂತು, ನಮ್ಮ ಕಡೆ ನೋಡದೆ ಮುಂದೆ ಹೋದರು. ನಾವು ಮೂರು ಮೆಟ್ಟಿಲು ಹಿಂದೆ ಇದ್ದೆವು. ಹದಿನೈದನೆಯ ಮೆಟ್ಟಿಲಲ್ಲಿ ಎಡಗಾಲು ಮೇಲೆ ಬರಲಿಲ್ಲ. ಒಂದು ಸಲ ಎಳೆದರು, ಬರಲಿಲ್ಲ. ಪೈಪಿಗೆ ಹಣೆ ಒರಗಿಸಿ ನಿಂತರು.

ರಘುನಂದನ್ ಮುಂದಕ್ಕೆ ನುಗ್ಗಿದರು. ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ಎಡಗೈ ರೇಲಿಂಗಿನ ಮೇಲಿತ್ತು, ಬಲಗೈಯಲ್ಲೇ ಹಿಡಿದಿದ್ದೆ. ಅವರು ಒಂದು ಸಲ ನನ್ನ ಕೈ ನೋಡಿದರು, ಒಂದು ಸಲ ಮುಖ ನೋಡಿದರು. ಬಿಡಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕಾಲು ಬಂತು. ಹದಿನಾರು, ಹದಿನೇಳು, ಹದಿನೆಂಟು. ಮೇಲೆ ಹೋಗಿ ಪೈಪಿನ ತುದಿ ಹಿಡಿದು ಉಸಿರು ಬಿಟ್ಟರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವಿಬ್ಬರೂ ಮೆಟ್ಟಿಲ ಮೇಲೆಯೇ ನಿಂತಿದ್ದೆವು.